ತಂದೆ-ತಾಯಿ ಅಶಕ್ತರಾದಾಗ ಮಕ್ಕಳ ಪಾಲಿನ ಮಾಸಾಶನ

ಪರದೇಶದಲ್ಲಿ ನೆಲೆಸಿರುವ ಮಕ್ಕಳ ಯೋಗಕ್ಷೇಮದ ಚಿಂತೆ ಇಂದು ನಮ್ಮ ಅನೇಕ ಮನೆಗಳ ನಿತ್ಯದ ಚಿಂತೆಯಾಗಿದೆ. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಮುಂತಾದ ಊರುಗಳ ವೃದ್ಧ ದಂಪತಿಗಳು ಅಮೆರಿಕದಲ್ಲಿರುವ ಮಗನ ಸಂಬಳ, ಮನೆ, ಮೊಮ್ಮಕ್ಕಳ ಶಾಲೆ ಇವುಗಳ ವಿಚಾರವನ್ನು ವಾರವಾರವೂ ಕೇಳಿ ತಿಳಿಯುತ್ತಾರೆ. ಆದರೆ ಆ ಮಗನೇ ಒಂದು ದಿನ ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದರೆ ಸೊಸೆ ಮತ್ತು ಮೊಮ್ಮಕ್ಕಳ ಗತಿ ಏನು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವುದೇ ಅಪಶಕುನವೆಂದು ಭಾವಿಸುವವರೂ ಉಂಟು. ಕೇಳದೆ ಇರುವುದರಿಂದ ಆಪತ್ತು ದೂರವಾಗುವುದಿಲ್ಲ. ಸಕಾಲದಲ್ಲಿ ಅರ್ಜಿ ಸಲ್ಲಿಸದೆ ನ್ಯಾಯವಾಗಿ ಸಲ್ಲಬೇಕಾದ ಹಣ ಮಾತ್ರ ಕೈತಪ್ಪುತ್ತದೆ. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಅಮೆರಿಕದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲಿ ಅಶಕ್ತರಾದ ತಂದೆ-ತಾಯಿಗಳ ಅವಲಂಬಿತ ಮಕ್ಕಳಿಗೆ ದೊರೆಯುವ ಪೂರಕ ಮಾಸಾಶನದ ವಿಚಾರಕ್ಕೆ ಮೀಸಲಿಟ್ಟಿದೆ.

ಮೊದಲು ಇದರ ಮೂಲವನ್ನು ಸ್ವಲ್ಪ ತಿಳಿಯೋಣ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಕಾಯಿದೆ ಜಾರಿಗೆ ಬಂದದ್ದು 1935ರಲ್ಲಿ. ಆಗ ಅದರಲ್ಲಿ ವಂತಿಗೆಯ ಆಧಾರದ ಮಾಸಾಶನ ದುಡಿದವನ ವೃದ್ಧಾಪ್ಯಕ್ಕೆ ಮಾತ್ರ ಸೀಮಿತವಾಗಿತ್ತು. 1939ರ ತಿದ್ದುಪಡಿಯಿಂದ ಹೆಂಡತಿ-ಮಕ್ಕಳಿಗೂ ಅದರಲ್ಲಿ ಪಾಲು ದೊರೆಯಿತು. ದುಡಿಯುವ ವಯಸ್ಸಿನಲ್ಲೇ ಅಶಕ್ತರಾದವರಿಗೆ ವಿಮೆಯ ರೂಪದ ಮಾಸಾಶನ ಬಂದದ್ದು 1956ರಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ಅವರ ಕಾಲದಲ್ಲಿ. ಅದೂ 50 ವರ್ಷ ದಾಟಿದವರಿಗೆ ಮಾತ್ರ. ಹೀಗೆ ಅಶಕ್ತನಾದವನ ಮಕ್ಕಳೂ ಉಣ್ಣಬೇಕು, ಓದಬೇಕು ಎಂಬ ವಿವೇಕ ಶಾಸನಕ್ಕೆ ಮೂಡಲು ಇನ್ನೆರಡು ವರ್ಷ ಹಿಡಿಯಿತು. 1958ರ ತಿದ್ದುಪಡಿ ಅವಲಂಬಿತರಿಗೆ ಹಕ್ಕು ನೀಡಿತು; 1960ರಲ್ಲಿ ಐವತ್ತರ ವಯೋಮಿತಿಯೂ ತೊಲಗಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ದಾನವಲ್ಲ, ಸರ್ಕಾರದ ಕೃಪಾಕಟಾಕ್ಷವೂ ಅಲ್ಲ. ಪ್ರತಿ ತಿಂಗಳ ಸಂಬಳದಿಂದ ನೌಕರನ ಪಾಲು ಶೇಕಡ 6.2, ಮಾಲೀಕನ ಪಾಲು ಅಷ್ಟೇ ಶೇಕಡ 6.2 ಈ ನಿಧಿಗೆ ಜಮೆಯಾಗುತ್ತದೆ. ಎಚ್-1ಬಿ ವೀಸಾದ ಮೇಲೆ ದುಡಿಯುವ ನಮ್ಮ ಹುಡುಗರೂ ಈ ವಂತಿಗೆಯನ್ನು ಕೊಡುತ್ತಲೇ ಇದ್ದಾರೆ. ತನ್ನ ಕಾಯಕದಿಂದ ಕಟ್ಟಿದ ವಿಮೆಯ ಫಲವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚಪಡುವ ಕಾರಣವೇ ಇಲ್ಲ. ನಮ್ಮವರಲ್ಲಿ ಈ ಸಂಕೋಚ ಅತಿಯಾಗಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಸಾಲ ಮಾಡಿಯಾದರೂ ಮರ್ಯಾದೆ ಉಳಿಸಿಕೊಳ್ಳುವವರು, ತಮ್ಮದೇ ಹಣಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ.

ಇದರ ಜೊತೆಗೆ ಇನ್ನೊಂದು ಯೋಜನೆ ಅದೇ ಇಲಾಖೆಯಿಂದ ನಡೆಯುತ್ತದೆ. ಅದಕ್ಕೆ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್ ಎಂದು ಹೆಸರು. 1974ರ ಜನವರಿಯಲ್ಲಿ ಆರಂಭವಾದ ಇದು ಆಸ್ತಿ-ಆದಾಯಗಳಿಲ್ಲದ ಬಡವರಿಗೆ ಸಾಮಾನ್ಯ ತೆರಿಗೆಯ ಹಣದಿಂದ ಕೊಡುವ ನೆರವು. ಅದರಲ್ಲಿ ಅಶಕ್ತನಾದ ತಂದೆಗೆ ಸಿಗುವುದು ಅವನಿಗಷ್ಟೇ. ಮಕ್ಕಳಿಗೆಂದು ಪ್ರತ್ಯೇಕ ಪಾಲಿಲ್ಲ. 1996ರ ಶಾಸನದ ನಂತರ ಪೌರರಲ್ಲದವರಿಗೆ ಅದು ಬಹುಮಟ್ಟಿಗೆ ಮುಚ್ಚಿದ ಬಾಗಿಲು. ಹೆಸರುಗಳು ಹೋಲುವುದರಿಂದ ವಿದ್ಯಾವಂತರೂ ಎರಡನ್ನೂ ಒಂದೇ ಎಂದು ತಿಳಿದು, 'ನಮ್ಮಂಥವರಿಗೆ ಅದು ಬರುವುದಿಲ್ಲವಂತೆ' ಎಂದು ಕೈಕಟ್ಟಿ ಕೂಡುತ್ತಾರೆ. ನಾವಿಲ್ಲಿ ಹೇಳುತ್ತಿರುವುದು ವಂತಿಗೆಯ ಆಧಾರದ ವಿಮೆಯನ್ನು ಕುರಿತು ಮಾತ್ರ.

ಈ ವಿಮೆಗೆ ಅರ್ಹನಾಗಲು ಎರಡು ಪರೀಕ್ಷೆಗಳುಂಟು. ಒಂದು, ದುಡಿಮೆಯ ಲೆಕ್ಕ. 2025ರಲ್ಲಿ 1,810 ಡಾಲರು ಗಳಿಕೆಗೆ ಒಂದು ಅಂಕದಂತೆ ವರ್ಷಕ್ಕೆ ಹೆಚ್ಚೆಂದರೆ 4 ಅಂಕಗಳು ದೊರೆಯುತ್ತಿದ್ದವು. 31ರಿಂದ 42 ವರ್ಷ ವಯಸ್ಸಿನವರಿಗೆ 20 ಅಂಕಗಳು, ಅಂದರೆ ಹಿಂದಿನ 10 ವರ್ಷಗಳಲ್ಲಿ ಸುಮಾರು 5 ವರ್ಷಗಳ ದುಡಿಮೆ ಬೇಕು. ಅದಕ್ಕಿಂತ ಚಿಕ್ಕವರಿಗೆ ಕಡಿಮೆ ಸಾಕು, ಹಿರಿಯರಿಗೆ ಹೆಚ್ಚು ಬೇಕು. ಎರಡು, ವೈದ್ಯಕೀಯ ಪರೀಕ್ಷೆ. ಕನಿಷ್ಠ 12 ತಿಂಗಳು ಬಾಧಿಸುವ ಅಥವಾ ಮರಣದಲ್ಲಿ ಪರ್ಯವಸಾನವಾಗುವ ರೋಗ ಇಲ್ಲವೆ ಊನದಿಂದ ಗಣನೀಯವಾದ ಯಾವ ಕೆಲಸವನ್ನೂ ಮಾಡಲಾಗದಂತಿರಬೇಕು. ನಮ್ಮಲ್ಲಿ ಶೇಕಡ 40, ಶೇಕಡ 75 ಎಂದು ಅಂಗವೈಕಲ್ಯವನ್ನು ಅಳೆದು ಪ್ರಮಾಣಪತ್ರ ಕೊಡುವ ಪದ್ಧತಿ ಅಲ್ಲಿಲ್ಲ. ಭಾಗಶಃ ಅಶಕ್ತತೆಗೆ ಈ ಯೋಜನೆಯಲ್ಲಿ ಕಾಸೂ ಇಲ್ಲ. ಅಶಕ್ತತೆ ಆರಂಭವಾದ ಮೇಲೆ ಪೂರ್ಣ 5 ತಿಂಗಳು ಕಾಯಬೇಕು. ಆರನೆಯ ತಿಂಗಳಿನಿಂದ ಹಕ್ಕು ಹುಟ್ಟುತ್ತದೆ. ಮಕ್ಕಳ ಹಕ್ಕು ಹುಟ್ಟುವುದೂ ಅಂದೇ.

ಯಾವ ಮಕ್ಕಳಿಗೆ ಎಂಬುದು ಮುಂದಿನ ಪ್ರಶ್ನೆ. ವಿವಾಹವಾಗದ, 18 ವರ್ಷ ತುಂಬದ ಮಕ್ಕಳಿಗೆ. ಪ್ರೌಢಶಾಲೆಯ ಹಂತದಲ್ಲಿ ಪೂರ್ಣಾವಧಿ ಓದುತ್ತಿದ್ದರೆ 19ರವರೆಗೆ. ಒಂದು ಕಾಲದಲ್ಲಿ ಕಾಲೇಜು ಓದುವವರಿಗೂ 22 ವರ್ಷದವರೆಗೆ ಕೊಡುತ್ತಿದ್ದರು. 1981ರಲ್ಲಿ ಆ ಸೌಲಭ್ಯವನ್ನು ರದ್ದುಪಡಿಸಿ ಕ್ರಮೇಣ ಮುಚ್ಚಿದರು. ಸ್ವಂತ ಮಕ್ಕಳು ತಂದೆಯ ಜೊತೆಯಲ್ಲೇ ವಾಸಿಸುತ್ತಿರಬೇಕೆಂಬ ನಿಯಮವಿಲ್ಲ. ಮಲಮಕ್ಕಳಿಗೂ ಷರತ್ತುಗಳಿಗೊಳಪಟ್ಟು ಸಲ್ಲುತ್ತದೆ. ದತ್ತುಮಕ್ಕಳಿಗೂ ಸಲ್ಲುತ್ತದೆ, ಆದರೆ ತಂದೆಗೆ ಮಾಸಾಶನ ಆರಂಭವಾದ ನಂತರ ದತ್ತು ತೆಗೆದುಕೊಂಡಿದ್ದರೆ ಅಮೆರಿಕದೊಳಗಿನ ನ್ಯಾಯಾಲಯದ ಆದೇಶವೇ ಬೇಕು. ಊರಿನಲ್ಲಿ ಬಂಧುಬಳಗದ ಸಮ್ಮುಖದಲ್ಲಿ ಶಾಸ್ತ್ರೋಕ್ತವಾಗಿ ನಡೆದ ದತ್ತು ಆಗ ಪ್ರಯೋಜನಕ್ಕೆ ಬಾರದು. 16 ವರ್ಷದೊಳಗಿನ ಮಗುವನ್ನು ಪಾಲಿಸುವ ಪತ್ನಿ ಅಥವಾ ಪತಿಗೂ ಒಂದು ಪಾಲುಂಟು.

ಇನ್ನು ಎಷ್ಟು ಎಂಬ ವಿಷಯ. ಪ್ರತಿಯೊಂದು ಮಗುವಿಗೂ ತಂದೆಯ ಮೂಲ ಮಾಸಾಶನದ ಅರ್ಧ ಎಂದು ಕಾನೂನು ಉದಾರವಾಗಿ ಆರಂಭಿಸುತ್ತದೆ. ಆದರೆ ಅದರ ಬೆನ್ನಿಗೇ ಕುಟುಂಬದ ಒಟ್ಟು ಮೊತ್ತಕ್ಕೆ ಒಂದು ಮಿತಿಯನ್ನು ಹಾಕಿದೆ. ಈ ಮಿತಿಯನ್ನು ಅರ್ಥಮಾಡಿಕೊಳ್ಳದವರು ಮಂಜೂರಾತಿ ಪತ್ರ ಬಂದಾಗ ಮೋಸವಾಯಿತೆಂದು ಕೊರಗುತ್ತಾರೆ. ಆದುದರಿಂದ ಸ್ವಲ್ಪ ಲೆಕ್ಕ ಮಾಡಿಯೇ ತೋರಿಸುವುದು ಒಳಿತು.

2025ರಲ್ಲಿ ಅಶಕ್ತನಾದ ಒಬ್ಬ ಗೃಹಸ್ಥನನ್ನು ಊಹಿಸೋಣ. ಅವನ ಸರಾಸರಿ ಮಾಸಿಕ ಗಳಿಕೆ, ಇಲಾಖೆಯ ಲೆಕ್ಕದಂತೆ, 4,000 ಡಾಲರು. ಮೊದಲ 1,226 ಡಾಲರಿಗೆ ಶೇಕಡ 90, ಅಂದರೆ 1,103 ಡಾಲರು 40 ಸೆಂಟು. ಉಳಿದ 2,774 ಡಾಲರಿಗೆ ಶೇಕಡ 32, ಅಂದರೆ 887 ಡಾಲರು 68 ಸೆಂಟು. ಎರಡೂ ಸೇರಿ, ಚಿಲ್ಲರೆ ಬಿಟ್ಟು, 1,991 ಡಾಲರು ಅವನ ಮೂಲ ಮಾಸಾಶನ. ಕುಟುಂಬದ ಮಿತಿಯನ್ನು ಹೀಗೆ ಕಾಣಬೇಕು: ಸರಾಸರಿ ಗಳಿಕೆಯ ಶೇಕಡ 85 ಎಂದರೆ 3,400; ಮೂಲ ಮಾಸಾಶನದ ಒಂದೂವರೆ ಪಟ್ಟು ಎಂದರೆ 2,986 ಡಾಲರು 50 ಸೆಂಟು. ಇವೆರಡರಲ್ಲಿ ಚಿಕ್ಕದೇ ಮಿತಿ. ಅದರಲ್ಲಿ ತಂದೆಯ 1,991ನ್ನು ಕಳೆದರೆ ಉಳಿಯುವುದು 995 ಡಾಲರು 50 ಸೆಂಟು. ಒಂದೇ ಮಗುವಿದ್ದರೆ ಅಷ್ಟೂ ಅದಕ್ಕೆ. ಇಬ್ಬರಿದ್ದರೆ ತಲಾ 497, ತಾಯಿಯೂ ಅರ್ಜಿ ಹಾಕಿದರೆ ಮೂವರಿಗೂ ತಲಾ 331. ಎಷ್ಟು ಜನರಿದ್ದರೂ ಒಟ್ಟು ಮೊತ್ತ ಅಷ್ಟೇ. ತಂದೆಯ ಸ್ವಂತ ಮಾಸಾಶನದಿಂದ ಮಾತ್ರ ಒಂದು ಸೆಂಟನ್ನೂ ಮುರಿದುಕೊಳ್ಳುವುದಿಲ್ಲ. 'ಮಕ್ಕಳಿಗಾಗಿ ಅರ್ಜಿ ಹಾಕಿದರೆ ನನ್ನದು ಕಡಿಮೆಯಾದೀತು' ಎಂಬ ಭಯ ನಿರಾಧಾರ.

ಹಾಗಾದರೆ ಎರಡನೆಯ ಮಗುವಿನ ಹೆಸರಿನಲ್ಲಿ ಅರ್ಜಿ ಏತಕ್ಕೆ ಎಂದು ಜಾಣರು ಕೇಳಬಹುದು. ಹಿರಿಯ ಮಗನಿಗೆ 18 ತುಂಬಿ ಅವನ ಪಾಲು ನಿಂತ ತಿಂಗಳಿನಿಂದಲೇ ಅದು ಕಿರಿಯಳಿಗೆ ಸೇರಿ, ಅವಳ 497 ಡಾಲರು 995 ಆಗುತ್ತದೆ. ಅವಳ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ಅಣ್ಣನ ಪಾಲಿನೊಂದಿಗೆ ಕುಟುಂಬದ ಹಣವೆಲ್ಲ ನಿಂತುಹೋಗುತ್ತದೆ.

ನಮ್ಮವರಿಗೆ ವಿಶೇಷವಾಗಿ ಅನ್ವಯಿಸುವ ಒಂದು ತೊಡಕು ಈ ಸರಾಸರಿಯಲ್ಲೇ ಇದೆ. ಸರಾಸರಿಯನ್ನು ತೆಗೆಯುವುದು ಅಮೆರಿಕಕ್ಕೆ ಹೋದ ದಿನದಿಂದಲ್ಲ, 22ನೆಯ ವಯಸ್ಸಿನಿಂದ. ಕಡಿಮೆ ಗಳಿಕೆಯ ಕೆಲವು ವರ್ಷಗಳನ್ನು ಬಿಟ್ಟು, ಉಳಿದುದಕ್ಕೆಲ್ಲ ಭಾಗಿಸುತ್ತಾರೆ. ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದು ಮೂವತ್ತೆರಡಕ್ಕೆ ವಿಮಾನ ಹತ್ತಿದವನಿಗೆ ಆ ಹತ್ತು ವರ್ಷಗಳಲ್ಲಿ ಬಹುಪಾಲು ಶೂನ್ಯವೆಂದೇ ದಾಖಲಾಗುತ್ತದೆ. ಭಾರತವು ಕೆನಡಾ, ಜರ್ಮನಿ ಮುಂತಾದ ದೇಶಗಳೊಡನೆ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಅಮೆರಿಕದೊಡನೆ ಮಾತುಕತೆ ವರ್ಷಗಳಿಂದ ನಡೆದರೂ ಒಪ್ಪಂದ ಕೈಗೂಡಿಲ್ಲ. ಆದುದರಿಂದ ಕೈತುಂಬ ಸಂಬಳದವನ ಮಾಸಾಶನವೂ ನಿರೀಕ್ಷೆಗಿಂತ ಕಡಿಮೆ ಬಂದರೆ ಆಶ್ಚರ್ಯಪಡಬೇಕಿಲ್ಲ.

ಅದಕ್ಕಿಂತ ಕಠೋರವಾದದ್ದು ಬಡ ದುಡಿಮೆಗಾರನ ಸ್ಥಿತಿ. ಪೆಟ್ರೋಲ್ ಬಂಕಿನಲ್ಲೋ ಮೋಟೆಲಿನಲ್ಲೋ ದುಡಿದು ಸರಾಸರಿ 1,600 ಡಾಲರು ಗಳಿಸಿದವನ ಮೂಲ ಮಾಸಾಶನ 1,223 ಡಾಲರು. ಗಳಿಕೆಯ ಶೇಕಡ 85 ಎಂದರೆ 1,360. ಉಳಿಯುವ 137 ಡಾಲರುಗಳನ್ನೇ ಮಕ್ಕಳೆಲ್ಲ ಹಂಚಿಕೊಳ್ಳಬೇಕು. ಸರಾಸರಿ 1,200 ಡಾಲರಿನವನ ಮಾಸಾಶನ 1,080, ಶೇಕಡ 85 ಎಂದರೆ 1,020. ಮಿತಿಯೇ ಅವನ ಮಾಸಾಶನಕ್ಕಿಂತ ಕೆಳಗಿರುವುದರಿಂದ ಅವನಿಗೆ 1,080 ಸಿಕ್ಕು ಮಕ್ಕಳಿಗೆ ಸೊನ್ನೆ. ಅಂದರೆ ಯಾರ ಮಕ್ಕಳಿಗೆ ಅತಿ ಹೆಚ್ಚು ಅಗತ್ಯವೋ ಅವರಿಗೇ ಏನೂ ಇಲ್ಲ! ಈ ಬಿಗಿಯಾದ ಮಿತಿ 1980ರ ತಿದ್ದುಪಡಿಯ ಫಲ. ದುಡಿಯುತ್ತಿದ್ದಾಗ ಬರುತ್ತಿದ್ದುದಕ್ಕಿಂತ ಹೆಚ್ಚು ಹಣ ಕುಳಿತಲ್ಲೇ ಬಂದರೆ ಮನುಷ್ಯ ಮತ್ತೆ ಕೆಲಸಕ್ಕೆ ಹೋಗುವನೇ ಎಂಬುದು ಅಂದಿನ ಶಾಸಕರ ಆತಂಕ. ಎದ್ದು ನಿಲ್ಲಲಾರದವನ ವಿಷಯದಲ್ಲಿ ಈ ತರ್ಕ ಎಷ್ಟು ಸಮಂಜಸವೋ ವಾಚಕರೇ ನಿರ್ಣಯಿಸಲಿ.

ಅರ್ಜಿಯ ವಿಚಾರಕ್ಕೆ ಬರೋಣ. ತಂದೆಯ ಅರ್ಜಿಯಲ್ಲಿ ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ಹೆಸರು ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಕ್ಕಳಿಗೆ ಎಸ್‌ಎಸ್‌ಎ-4 ಎಂಬ ಪ್ರತ್ಯೇಕ ನಮೂನೆಯುಂಟು. ಸಾಮಾನ್ಯವಾಗಿ ಇದನ್ನು ಸ್ಥಳೀಯ ಕಚೇರಿಯಲ್ಲಿ ಅಥವಾ ದೂರವಾಣಿಯ ಮೂಲಕ ಅಧಿಕಾರಿಯೇ ಕೇಳಿ ತುಂಬಿಕೊಳ್ಳುತ್ತಾರೆ. ಮಗುವಿನ ಜನನ ಪ್ರಮಾಣಪತ್ರ, ಮಗುವಿನ ಹಾಗೂ ತಂದೆ-ತಾಯಿಗಳ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಗತ್ಯವಿದ್ದಲ್ಲಿ ವಿವಾಹದ ಅಥವಾ ದತ್ತಕದ ದಾಖಲೆ ಬೇಕಾಗುತ್ತವೆ. ಜನನ ಪ್ರಮಾಣಪತ್ರದ ನೆರಳಚ್ಚು ಪ್ರತಿ ನಡೆಯುವುದಿಲ್ಲ. ಮೂಲಪ್ರತಿ ಇಲ್ಲವೆ ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ನಮ್ಮ ಹೆಸರುಗಳ ಗೊಂದಲ ಇಲ್ಲಿ ತಲೆಯೆತ್ತುತ್ತದೆ. ಶಾಲೆಯ ದಾಖಲೆಯಲ್ಲಿ ಊರಿನ ಹೆಸರಿನ ಮೊದಲಕ್ಷರ, ರಹದಾರಿಯಲ್ಲಿ ತಂದೆಯ ಹೆಸರೇ ಕುಲನಾಮ, ಮಗುವಿನ ಪತ್ರದಲ್ಲಿ ಮನೆತನದ ಅಡ್ಡಹೆಸರು, ಹೀಗೆ ಒಬ್ಬನೇ ಮನುಷ್ಯ ಮೂರು ಹೆಸರುಗಳಲ್ಲಿ ಹರಿದು ಹಂಚಿಹೋಗಿರುತ್ತಾನೆ. ಆರೋಗ್ಯವಾಗಿರುವಾಗಲೇ ಇವನ್ನು ಸರಿಪಡಿಸಿಟ್ಟುಕೊಳ್ಳುವುದು ಕ್ಷೇಮ.

ಕಾಲದ ವಿಚಾರ ಎಲ್ಲಕ್ಕಿಂತ ಮುಖ್ಯವಾದುದು. ಅರ್ಜಿ ಕೊಟ್ಟ ತಿಂಗಳಿನಿಂದ ಹಿಂದಕ್ಕೆ ಹೆಚ್ಚೆಂದರೆ 12 ತಿಂಗಳ ಬಾಕಿ ಮಾತ್ರ ದೊರೆಯುತ್ತದೆ. ಅದಕ್ಕೂ ಹಿಂದಿನದು ಕಳೆದುಹೋದಂತೆಯೇ. ನಮ್ಮ ಕುಟುಂಬಗಳಲ್ಲಿ ಇದು ಎಲ್ಲಿ ಸಂಭವಿಸುತ್ತದೆಂದರೆ, ಅಲ್ಲಿಯೇ ಹುಟ್ಟಿದ ಮಗುವನ್ನು ಅಜ್ಜ-ಅಜ್ಜಿಯರ ಬಳಿ ಊರಿನಲ್ಲಿ ಬಿಟ್ಟಿದ್ದಾಗ. ಮಗು ಇಲ್ಲಿಲ್ಲವಲ್ಲ ಎಂದು ತಂದೆ-ತಾಯಿ ಅದರ ಹೆಸರನ್ನೇ ಬರೆಸುವುದಿಲ್ಲ. ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪೌರತ್ವ ಪಡೆದ ಆ ಮಗು ಗದಗದಲ್ಲಿ ಓದುತ್ತಿದ್ದರೂ ಅದರ ಹಕ್ಕು ಹೋಗಿರುವುದಿಲ್ಲ. ತಂದೆಯ ಮಾಸಾಶನ 2023ರ ಜನವರಿಯಿಂದ ಸಲ್ಲತಕ್ಕದ್ದಾಗಿದ್ದು, ಆ ಒಂದೇ ಮಗುವಿನ ಅರ್ಜಿ 2026ರ ಮಾರ್ಚಿಯಲ್ಲಿ ಹೋದರೆ, ಬಾಕಿ ದೊರೆಯುವುದು 2025ರ ಮಾರ್ಚಿಯಿಂದ ಮಾತ್ರ. ನಡುವಿನ 26 ತಿಂಗಳು ನಷ್ಟ. ತಿಂಗಳಿಗೆ 995 ಡಾಲರಿನಂತೆ ಅದು 25,870 ಡಾಲರು.

ಅರ್ಜಿ ಒಳಹೋದ ಮೇಲೆ ಏನಾಗುತ್ತದೆ? ಸ್ಥಳೀಯ ಕಚೇರಿ ಅಂಕಗಳನ್ನೂ ಸಂಬಂಧವನ್ನೂ ಪರಿಶೀಲಿಸುತ್ತದೆ. ರೋಗದ ನಿರ್ಣಯವನ್ನು ಆಯಾ ರಾಜ್ಯದ ಪ್ರತ್ಯೇಕ ಕಚೇರಿಯ ವೈದ್ಯರು ಹಾಗೂ ಪರೀಕ್ಷಕರು ಮಾಡುತ್ತಾರೆ. ಇದಕ್ಕೇ ಹಲವು ತಿಂಗಳು ಹಿಡಿಯುತ್ತದೆ. ಬಹುಪಾಲು ಅರ್ಜಿಗಳು ಈ ಮೊದಲ ಹಂತದಲ್ಲಿ ತಿರಸ್ಕೃತವಾಗುತ್ತವೆ. ಅದರಿಂದ ಧೃತಿಗೆಡಬೇಕಾಗಿಲ್ಲ. 60 ದಿನಗಳೊಳಗೆ ಪುನರ್ವಿಮರ್ಶೆ ಕೋರಬಹುದು, ಆನಂತರ ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ, ಅದರ ಮೇಲೆ ಮೇಲ್ಮನವಿ ಮಂಡಳಿ, ಕಡೆಗೆ ಫೆಡರಲ್ ನ್ಯಾಯಾಲಯ. ಮೊದಲ ಅರ್ಜಿಯ ಎಳೆ ತುಂಡಾಗದಂತೆ ಹಂತಹಂತವಾಗಿ ಮುಂದುವರಿದರೆ ಬಾಕಿಯ ಲೆಕ್ಕ ಆ ಮೊದಲ ದಿನಾಂಕದಿಂದಲೇ ಬರುತ್ತದೆ. 60 ದಿನ ಮೀರಿಸಿ ಹೊಸ ಅರ್ಜಿ ಹಾಕುವವರು ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ.

ಮಂಜೂರಾದ ಮೇಲೂ ತಂದೆಯ ಹಣ ಮೊದಲು ಬಂದು, ಮಕ್ಕಳ ಲೆಕ್ಕ ತಡವಾಗಿ ಪ್ರತ್ಯೇಕ ಪತ್ರದಲ್ಲಿ ಬರುವುದುಂಟು. ತಂದೆಗೆ ಹಣ ಬರಲಾರಂಭಿಸಿ ತಿಂಗಳುಗಳಾದರೂ ಮಕ್ಕಳ ಸುದ್ದಿಯೇ ಇಲ್ಲವೆಂದಾದರೆ ಸುಮ್ಮನಿರದೆ ವಿಚಾರಿಸಬೇಕು. ಹಣ ಬರುವ ದಿನ ತಂದೆಯ ಜನ್ಮದಿನಾಂಕವನ್ನು ಅವಲಂಬಿಸಿರುತ್ತದೆ: 1ರಿಂದ 10ರೊಳಗೆ ಹುಟ್ಟಿದವನಾದರೆ ತಿಂಗಳ ಎರಡನೆಯ ಬುಧವಾರ, 11ರಿಂದ 20ರೊಳಗಾದರೆ ಮೂರನೆಯದು, ಉಳಿದವರಿಗೆ ನಾಲ್ಕನೆಯದು. ಒಂದು ತಿಂಗಳ ಹಣ ಮರುತಿಂಗಳು ಬರುತ್ತದೆ.

ಬಾಕಿಯ ದೊಡ್ಡ ಮೊತ್ತ ಒಟ್ಟಿಗೆ ಕೈಸೇರಿದಾಗ ಮನೆಯವರಿಗೆ ಸಹಜವಾಗಿ ನೆಮ್ಮದಿಯಾಗುತ್ತದೆ. ಆದರೆ ಆ ಹಣಕ್ಕೆ ಕಣ್ಣಿಟ್ಟು ಕಾದಿರುವವರು ಇಬ್ಬರು. ವಕೀಲರ ಮೂಲಕ ಹೋಗಿದ್ದರೆ ಬಾಕಿಯ ಶೇಕಡ 25ರಷ್ಟನ್ನು ಇಲಾಖೆಯೇ ಹಿಡಿದು ಅವರಿಗೆ ಕೊಡುತ್ತದೆ. ಇದರ ಸಾಮಾನ್ಯ ಗರಿಷ್ಠ ಮಿತಿ 2024ರ ನವೆಂಬರ್ 30ರಿಂದ 9,200 ಡಾಲರು. ಮಕ್ಕಳ ಬಾಕಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಎರಡನೆಯದು ಕಂಪನಿಯ ಮೂಲಕ ಪಡೆದ ಖಾಸಗಿ ಅಶಕ್ತತಾ ವಿಮೆ. ಇಂಥ ಅನೇಕ ಪಾಲಿಸಿಗಳ ಸಣ್ಣ ಅಕ್ಷರದ ಷರತ್ತುಗಳಲ್ಲಿ, ಸಾಮಾಜಿಕ ಭದ್ರತೆಯಿಂದ ನೌಕರನಿಗೆ ಬರುವುದನ್ನಷ್ಟೇ ಅಲ್ಲ, ಮಕ್ಕಳಿಗೆ ಬರುವುದನ್ನೂ ತಮ್ಮ ಪಾವತಿಯಿಂದ ಕಡಿದುಕೊಳ್ಳುವುದಾಗಿ ಬರೆದಿರುತ್ತದೆ. ವರ್ಷಗಟ್ಟಲೆ ಪೂರ್ತಿ ಹಣ ಕೊಟ್ಟ ವಿಮಾ ಸಂಸ್ಥೆ, ಬಾಕಿ ಮಂಜೂರಾದ ಕೂಡಲೇ ಹೆಚ್ಚಾಗಿ ಕೊಟ್ಟದ್ದನ್ನು ಹಿಂದಿರುಗಿಸೆಂದು ಪತ್ರ ಬರೆಯುತ್ತದೆ. ಮಗುವಿನ ಹೆಸರಿಗೆ ಬಂದ ಹಣವನ್ನು ತಂದೆಯ ವಿಮೆಯಲ್ಲಿ ಮುರಿದುಕೊಳ್ಳುವ ಈ ಪದ್ಧತಿ ಈ ಲೇಖಕನಿಗೆ ಹೇಸಿಗೆಯೆನಿಸಿದರೂ, ಕರಾರಿನಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ವಾದಿಸುವುದು ಕಷ್ಟ. ಪಾಲಿಸಿಯನ್ನು ಓದಿ ಲೆಕ್ಕ ತೀರುವವರೆಗೆ ಬಾಕಿ ಹಣವನ್ನು ಮುಟ್ಟದಿರುವುದು ಮೇಲು. ಕೆಲಸದ ಸ್ಥಳದಲ್ಲಾದ ಅಪಘಾತಕ್ಕೆ ಪರಿಹಾರ ಬರುತ್ತಿದ್ದರೂ ಕಡಿತವುಂಟು: ಎರಡೂ ಸೇರಿ ಹಿಂದಿನ ಗಳಿಕೆಯ ಶೇಕಡ 80ನ್ನು ಮೀರಿದರೆ ಕತ್ತರಿ ಬೀಳುವುದು ಮೊದಲು ಕುಟುಂಬದವರ ಪಾಲಿನ ಮೇಲೆ.

ಮಗುವಿನ ಹಣವನ್ನು ಮಗುವಿನ ಕೈಗೆ ಕೊಡುವುದಿಲ್ಲವಷ್ಟೆ. ಸಾಮಾನ್ಯವಾಗಿ ತಂದೆ ಅಥವಾ ತಾಯಿಯನ್ನು ಪ್ರತಿನಿಧಿಯಾಗಿ ನೇಮಿಸುತ್ತಾರೆ. ಮಗುವಿನ ಅನ್ನ, ಬಟ್ಟೆ, ವಸತಿ, ಔಷಧ, ಶಿಕ್ಷಣ ಇವುಗಳಿಗೆ ವೆಚ್ಚ ಮಾಡಿ ಉಳಿದುದನ್ನು ಮಗುವಿನ ಹೆಸರಿನಲ್ಲಿ ಉಳಿತಾಯ ಮಾಡಬೇಕೆಂಬುದು ನಿಯಮ. 2018ರ ಶಾಸನದ ನಂತರ ಮಗುವಿನ ಜೊತೆಯಲ್ಲೇ ವಾಸಿಸುವ ತಂದೆ-ತಾಯಿ ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸಬೇಕಾಗಿಲ್ಲ. ಕೇಳಿದಾಗ ತೋರಿಸುವಂತೆ ಬರೆದಿಟ್ಟಿರಬೇಕು. ಅವಿಭಕ್ತ ಕುಟುಂಬದ ಸಂಸ್ಕಾರದಲ್ಲಿ ಬೆಳೆದ ನಮಗೆ ಮನೆಯ ಹಣವೆಲ್ಲ ಒಂದೇ. ತಮ್ಮನ ಮದುವೆಗೋ ಊರಿನ ಮನೆಯ ತಾರಸಿಗೋ ಈ ಹಣವನ್ನು ಕಳಿಸಿದರೆ ಅಲ್ಲಿಯ ಕಾನೂನಿನ ದೃಷ್ಟಿಯಲ್ಲಿ ಅದು ದುರುಪಯೋಗ. ಆದಾಯ ತೆರಿಗೆಯ ಲೆಕ್ಕದಲ್ಲೂ ಇದು ಮಗುವಿನ ಆದಾಯವೇ ಹೊರತು ತಂದೆಯದಲ್ಲ. ಅಂತೆಯೇ ತಂದೆಗೆ 24 ತಿಂಗಳ ಮಾಸಾಶನದ ನಂತರ ದೊರೆಯುವ ಮೆಡಿಕೇರ್ ಆರೋಗ್ಯ ವಿಮೆ ಮಕ್ಕಳಿಗೆ ವಿಸ್ತರಿಸುವುದಿಲ್ಲ. ಅವರ ಆರೋಗ್ಯ ವಿಮೆಯನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಹೀಗೆ ಅಶಕ್ತನಾದ ಮಗನಿಗೆ ಊರಿನ ತಂದೆ-ತಾಯಿ ಮೊಟ್ಟಮೊದಲು ಹೇಳುವ ಮಾತು, 'ಎಲ್ಲ ಬಿಟ್ಟು ಬಂದುಬಿಡು, ನಾವಿದ್ದೇವೆ' ಎಂದು. ಆ ಕರೆಯ ಹಿಂದಿನ ಅಂತಃಕರಣ ದೊಡ್ಡದು. ಆದರೆ ಟಿಕೇಟು ಕೊಳ್ಳುವ ಮುನ್ನ ತಿಳಿಯಬೇಕಾದದ್ದುಂಟು. ಅಮೆರಿಕದ ಪೌರನಲ್ಲದವನು ಆ ದೇಶದ ಹೊರಗೆ ಸತತ ಆರು ಕ್ಯಾಲೆಂಡರ್ ತಿಂಗಳು ಇದ್ದರೆ ಸಾಮಾನ್ಯವಾಗಿ ಹಣ ನಿಲ್ಲುತ್ತದೆ. ಭಾರತದ ಪೌರರಿಗೆ ಒಂದು ವಿನಾಯಿತಿಯಿದೆ: ದುಡಿದವನು 40 ಅಂಕಗಳನ್ನು ಗಳಿಸಿರಬೇಕು ಅಥವಾ ಅಲ್ಲಿ ಒಟ್ಟು 10 ವರ್ಷ ವಾಸಿಸಿರಬೇಕು. ಎಂಟು ವರ್ಷ ಇದ್ದು ಮರಳಿದವನಿಗೂ ಹನ್ನೊಂದು ವರ್ಷ ಇದ್ದು ಮರಳಿದವನಿಗೂ ಇರುವ ಅಂತರ ಇಷ್ಟು ದೊಡ್ಡದು. ಪೌರತ್ವವಿಲ್ಲದ ಪತ್ನಿ-ಮಕ್ಕಳ ಪಾಲು ಹೊರದೇಶದಲ್ಲಿ ಮುಂದುವರಿಯಲು ಅಲ್ಲಿ 5 ವರ್ಷ ಕುಟುಂಬಸಮೇತ ವಾಸಿಸಿದ್ದ ಷರತ್ತೂ ಇದೆ. ಮಗುವಿನ ವಿಷಯದಲ್ಲಿ ತಂದೆ-ತಾಯಿಗಳ ವಾಸವನ್ನು ಪರಿಗಣಿಸುತ್ತಾರೆ. ಅಮೆರಿಕದ ಪೌರರಾದ ಮಕ್ಕಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಇತ್ತ ಅಲ್ಲಿಯೇ ಉಳಿಯೋಣವೆಂದರೆ, ಎಚ್-1ಬಿಯವರು ಕೆಲಸ ಹೋದ ಮೇಲೆ ಉಳಿಯಲು ದೊರೆಯುವ ಅವಧಿ ಹೆಚ್ಚೆಂದರೆ 60 ದಿನ. ಕಾನೂನುಬದ್ಧ ವಾಸ್ತವ್ಯವಿಲ್ಲದೆ ಆ ನೆಲದಲ್ಲಿ ಮಾಸಾಶನ ಪಾವತಿಯಾಗದು. ಈ ಇಕ್ಕಟ್ಟಿನಲ್ಲಿ ಸಿಕ್ಕವರು ವಲಸೆ ಕಾನೂನು ಬಲ್ಲ ವಕೀಲರನ್ನು ಮೊದಲ ವಾರದಲ್ಲೇ ಕಾಣತಕ್ಕದ್ದು.

ಕೆನಡಾದಲ್ಲಿರುವ ಬಂಧುಗಳ ಸ್ಥಿತಿ ಇದಕ್ಕಿಂತ ಸರಳ. ಅಲ್ಲಿಯ ಪಿಂಚಣಿ ಯೋಜನೆಯಲ್ಲಿ ಅಶಕ್ತನಾದವನ ಪ್ರತಿಯೊಂದು ಮಗುವಿಗೂ ಗೊತ್ತುಪಡಿಸಿದ ಒಂದೇ ಮೊತ್ತ, 2025ರಲ್ಲಿ ತಿಂಗಳಿಗೆ 301 ಡಾಲರು 77 ಸೆಂಟು. ತಂದೆಯ ಗಳಿಕೆ ಎಷ್ಟೇ ಇರಲಿ, ಬಡವನ ಮಗುವಿಗೂ ಅಷ್ಟೇ, ಸಿರಿವಂತನ ಮಗುವಿಗೂ ಅಷ್ಟೇ. ಓದು ಮುಂದುವರಿಸಿದರೆ 25 ವರ್ಷದವರೆಗೆ ದೊರೆಯುತ್ತದೆ. ನಮ್ಮ ದೇಶದಲ್ಲಾದರೋ ಕಾರ್ಮಿಕರ ಪಿಂಚಣಿ ಯೋಜನೆಯಲ್ಲಿ ಮಕ್ಕಳ ಪಾಲು ಸಾಮಾನ್ಯವಾಗಿ ತಂದೆ ತೀರಿಕೊಂಡ ಮೇಲಷ್ಟೇ ನೆನಪಾಗುತ್ತದೆ. ಕೇಂದ್ರ ಸರ್ಕಾರದ ಅಂಗವಿಕಲ ಮಹಿಳಾ ನೌಕರರಿಗೆ ಮಗುವಿಗೆ ಎರಡು ವರ್ಷ ತುಂಬುವವರೆಗೆ ಕೊಡುವ ಶಿಶುಪಾಲನಾ ಭತ್ಯೆ, 2017ರ ಜುಲೈಯಿಂದ ತಿಂಗಳಿಗೆ 3,000 ರೂಪಾಯಿ ಎಂದು ಗೊತ್ತುಪಡಿಸಿದ್ದು, ಬದುಕಿರುವ ತಾಯಿಯ ಅಗತ್ಯವನ್ನು ಗುರುತಿಸಿದ ಅಪರೂಪದ ಉದಾಹರಣೆ.

ಮತ್ತೆ ಅಮೆರಿಕದ ಮಾತಿಗೆ ಬಂದರೆ, ಹಣ ಬರುವಾಗ ಬದಲಾವಣೆಗಳನ್ನು ಇಲಾಖೆಗೆ ತಿಳಿಸದಿರುವುದು ನಮ್ಮವರು ಎಡವುವ ಇನ್ನೊಂದು ಸ್ಥಳ. ಮಗು ಶಾಲೆ ಬಿಟ್ಟದ್ದು, ವಿದೇಶಕ್ಕೆ ಹೋದದ್ದು, ವಿವಾಹವಾದದ್ದು, ತಂದೆ ಮತ್ತೆ ಕೆಲಸಕ್ಕೆ ಸೇರಿದ್ದು ಎಲ್ಲವನ್ನೂ ತಿಳಿಸಬೇಕು. ಇಲ್ಲದಿದ್ದರೆ ವರ್ಷಗಳ ನಂತರ ಹೆಚ್ಚುವರಿ ಪಾವತಿಯ ವಸೂಲಿ ಪತ್ರ ಬರುತ್ತದೆ. 2024ರಲ್ಲಿ ಇಂಥ ವಸೂಲಿಗೆ ತಿಂಗಳ ಹಣದ ಶೇಕಡ 10ನ್ನು ಹಿಡಿಯುತ್ತಿದ್ದರೆ 2025ರಲ್ಲಿ ಅದನ್ನು ಶೇಕಡ 50ಕ್ಕೆ ಏರಿಸಲಾಯಿತು. ತಮ್ಮ ತಪ್ಪಿಲ್ಲದಿದ್ದಲ್ಲಿ ಮನ್ನಾ ಕೋರುವ ಅವಕಾಶವುಂಟು; ಪತ್ರವನ್ನು ಮೇಜಿನ ಖಾನೆಯಲ್ಲಿ ಹಾಕಿಟ್ಟರೆ ಆ ಅವಕಾಶ ದೂರವಾಗುತ್ತದೆ.

ಮಗುವಿಗೆ 18 ಸಮೀಪಿಸಿದಾಗ ಎಸ್‌ಎಸ್‌ಎ-1372 ಎಂಬ ನಮೂನೆ ಮನೆಗೆ ಬರುತ್ತದೆ. ಶಾಲೆಯವರಿಂದ ದೃಢೀಕರಿಸಿ ಹಿಂದಿರುಗಿಸದಿದ್ದರೆ, ಮಗು ಇನ್ನೂ ಹನ್ನೆರಡನೆಯ ತರಗತಿಯಲ್ಲಿದ್ದರೂ, ಹಣ ತಾನಾಗಿ ನಿಲ್ಲುತ್ತದೆ. ಆ ಮಗುವೇ ಬುದ್ಧಿಮಾಂದ್ಯತೆಯಿಂದಲೋ ಬೇರೆ ಊನದಿಂದಲೋ ದುಡಿಯಲಾಗದಂತಿದ್ದರೆ ವಿಚಾರವೇ ಬೇರೆ. 22 ವರ್ಷಕ್ಕೆ ಮೊದಲೇ ಅಶಕ್ತತೆ ಆರಂಭವಾಗಿತ್ತೆಂದು ರುಜುವಾತುಪಡಿಸಿದರೆ, ಮಗುವಿನ ಪಾಲು ವಯಸ್ಸಿನ ಮಿತಿಯಿಲ್ಲದೆ ಮುಂದುವರಿಯುತ್ತದೆ, ತಂದೆಯ ಕಾಲಾನಂತರವೂ. ಆ ರುಜುವಾತಿಗೆ ಬೇಕಾಗುವುದು ಮಗುವಿನ ಬಾಲ್ಯದ ಆಸ್ಪತ್ರೆ ಚೀಟಿಗಳು, ಶಾಲೆಯ ವರದಿಗಳು, ಪರೀಕ್ಷೆಯ ಫಲಿತಾಂಶಗಳು. ಅವುಗಳಲ್ಲಿ ಕೆಲವು ಊರಿನ ಅಜ್ಜಿಯ ಪೆಟ್ಟಿಗೆಯಲ್ಲೇ ಇದ್ದಾವು. ಮನೆ ಸುಣ್ಣಬಣ್ಣ ಮಾಡಿಸುವಾಗ ಹಳೆಯ ಕಾಗದವೆಂದು ಎಸೆಯದೆ ಒಂದು ಕಡತದಲ್ಲಿ ಕಟ್ಟಿಡಬೇಕು.